ಕತ್ತಲೆಯಲ್ಲಿ ಕಂಡ ‘ಸಂಸ್ಕಾರ’

ಹಳಿಯಾಳದಿಂದ ದಾಂಡೇಲಿಯ ಹಾದಿಯಾಗಿ ಜೊಯಿಡಾದ ಕಾಡನ್ನು ಹೊಕ್ಕವರಿಗೆ, ಇಲ್ಲವೆ ಮುಂಡಗೋಡವನ್ನು ದಾಟಿ ಸಿರ್ಸಿಯ ಕಡೆಗೆ ನಡೆದವರಿಗೆ ಕತ್ತಲೆಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಇರುಳು ಅಲ್ಲಿ ಹೊತ್ತಿಗೆ ಮೊದಲೇ ಮರಗಳಿಂದ ಇಳಿದುಬರುತ್ತದೆ. ಅಂಥ ಕತ್ತಲೆಯನ್ನೇ ಬಂಡವಾಳವಾಗಿ ಮಾಡಿಕೊಂಡ ಕನ್ನಡ ಚಿತ್ರ 1970ರ ‘ಸಂಸ್ಕಾರ’. ಅದರ ಚಿತ್ರಕಥೆಯನ್ನು ಬರೆದು, ಪ್ರಾಣೇಶಾಚಾರ್ಯರ ಪಾತ್ರವನ್ನೂ ವಹಿಸಿದ ಗಿರೀಶ ಕಾರ್ನಾಡರ ಬಾಲ್ಯ ಕಳೆದದ್ದು ಇದೇ ಸೀಮೆಯ ಸಿರ್ಸಿಯಲ್ಲಿ.

ಕತ್ತಲೆಯ ಚಿತ್ರಗಳೆಂದೊಡನೆ 1940ರ ದಶಕದ ಹಾಲಿವುಡ್ಡು ನೆನಪಾಗುತ್ತದೆ. ಫ್ರೆಂಚ್ ವಿಮರ್ಶಕರು ‘ಫಿಲ್ಮ್ ನ್ವಾರ್’ ಎಂದು ಕರೆದ ಆ ಬಗೆಯ ಚಿತ್ರಗಳಲ್ಲೊಂದು ‘ದಿ ಬ್ಲೂ ಡಾಲಿಯಾ’ (1946). ರೇಮಂಡ್ ಚಾಂಡ್ಲರನ ಮೂಲ ಕಲ್ಪನೆಯಲ್ಲಿ ಕೊಲೆಗಾರನು ಯುದ್ಧದಲ್ಲಿ ತಲೆಗೆ ಪೆಟ್ಟು ತಿಂದು ಬಂದ ನಾವಿಕ. ಅಮೆರಿಕದ ನೌಕಾಪಡೆ ಅದನ್ನು ಆಕ್ಷೇಪಿಸಿತು. ಅಪರಾಧ ಬೇರೊಬ್ಬನ ಪಾಲಿಗೆ ಬಂದಿತು. ನೆರಳುಬೆಳಕಿನ ಸೊಗಸು ಉಳಿಯಿತು, ಕಥೆಯ ಕೊನೆ ಸಡಿಲವಾಯಿತು.

ನಮ್ಮ ‘ಸಂಸ್ಕಾರ’ಕ್ಕೆ ಒದಗಿದ ಅಡ್ಡಿ ಇನ್ನೂ ದೊಡ್ಡದು. ಜಾತಿಯ ವಿಷಯ ಕ್ಷೋಭೆಗೆ ಕಾರಣವಾದೀತೆಂದು ಮದರಾಸಿನ ಸೆನ್ಸಾರ್ ಮಂಡಳಿ ಇಡೀ ಚಿತ್ರವನ್ನೇ ತಡೆಹಿಡಿಯಿತು. ಚಿತ್ರ ಹೊರಬಂದದ್ದು ಕೇಂದ್ರ ಸರಕಾರ ಆ ತಡೆಯನ್ನು ತೆಗೆದ ಮೇಲೆಯೇ. ಅದೇ ವರ್ಷ ಅಬ್ಬಾಸರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಚಲಚ್ಚಿತ್ರಗಳ ಪೂರ್ವಪರೀಕ್ಷೆ ಸಂವಿಧಾನಬದ್ಧವೆಂದು ತೀರ್ಪಿತ್ತಿತು.

ಈ ಪ್ರಸಂಗದಲ್ಲೊಂದು ವಿಡಂಬನೆಯಿದೆ. ಅನಂತಮೂರ್ತಿಯವರ ಕಾದಂಬರಿಯ (1965) ತಿರುಳಾದರೂ ಏನು? ಆಚಾರಗೆಟ್ಟ ನಾರಣಪ್ಪ ಸತ್ತಿದ್ದಾನೆ. ಹೆಣಕ್ಕೆ ಸಂಸ್ಕಾರ ಮಾಡುವವರಾರೆಂಬುದು ನಿರ್ಧಾರವಾಗದು. ಆಚಾರ್ಯರು ಗ್ರಂಥಗಳನ್ನು ತಿರುವುತ್ತಾರೆ, ಮಾರುತಿಯ ಅಪ್ಪಣೆಗೆ ಕಾಯುತ್ತಾರೆ, ಅಗ್ರಹಾರ ಉಪವಾಸವಿರುತ್ತದೆ. ಚಿತ್ರಕ್ಕೂ ಒದಗಿದ್ದು ಇದೇ ಗತಿಯಲ್ಲವೆ? ನಿಯಮದ ಪುಸ್ತಕ ಹಿಡಿದವರು ತಮ್ಮ ಮುಂದಿದ್ದ ಕಥೆ ತಮ್ಮನ್ನೇ ಕುರಿತದ್ದೆಂದು ಅರಿಯಲಿಲ್ಲ.

ಹಾಗೆಂದು ಚಿತ್ರ ನಿರ್ದೋಷವೆಂದು ಹೇಳಲಾಗದು. ಕಾದಂಬರಿಯಲ್ಲಿ ಆಚಾರ್ಯರ ಅಂತರಂಗದ ತುಮುಲವನ್ನು ಮಾತು ಹೊತ್ತು ನಡೆಯುತ್ತದೆ. ತೆರೆಯ ಮೇಲೆ ಆ ಭಾರವೆಲ್ಲ ನಟನ ಮುಖದ ಮೇಲೆ ಬಿದ್ದು, ಉತ್ತರಾರ್ಧದ ಅಲೆದಾಟ ಅಲ್ಲಲ್ಲಿ ಬರಿಯ ನಡಿಗೆಯಾಗುತ್ತದೆ. ಅಭಿನಯದಲ್ಲಿ ರಂಗಭೂಮಿಯ ಬಿಗುವು ಪೂರ್ತಿ ಸಡಿಲಿಲ್ಲ. ಆದರೆ ಆಸ್ಟ್ರೇಲಿಯದ ಟಾಮ್ ಕೋವನ್ ಶೃಂಗೇರಿಯ ಪರಿಸರದಲ್ಲಿ ಹಿಡಿದ ಕಪ್ಪುಬಿಳುಪಿನ ಬಿಂಬಗಳು, ರಾಜೀವ ತಾರಾನಾಥರ ಸಂಗೀತ ಇವೆರಡೂ ಸೇರಿ ಸಾವಿನ ನೆರಳಿನಲ್ಲಿ ಮುದುಡಿದ ಒಂದು ಊರನ್ನು ಕಟ್ಟಿಕೊಡುತ್ತವೆ. ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿಯವರ ಈ ಕೃತಿ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದ ಮೊದಲ ಕನ್ನಡ ಚಿತ್ರವಾಯಿತು. ಸರಕಾರದ ಒಂದು ಕೈ ತಡೆದುದನ್ನು ಇನ್ನೊಂದು ಕೈ ಸನ್ಮಾನಿಸಿತು.

ಕಾದಂಬರಿಯಲ್ಲಿ ಪಂಡಿತರೆಲ್ಲ ಕೈಚೆಲ್ಲಿ ಕುಳಿತಾಗ, ಇರುಳಿನಲ್ಲಿ ಗುಟ್ಟಾಗಿ ಹೆಣವನ್ನು ಸುಡಿಸಿದವಳು ಚಂದ್ರಿ. ಚಿತ್ರದಲ್ಲಿ ಚಂದ್ರಿಯಾದವರು ಸ್ನೇಹಲತಾ ರೆಡ್ಡಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅವರನ್ನು ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಇದನ್ನು ತಿಳಿದು ಚಿತ್ರವನ್ನು ಮತ್ತೆ ನೋಡುವವರಿಗೆ ಅದರ ಕುಂದುಗಳು ಕಾಣದಿರುವುದಿಲ್ಲ. ಆದರೆ ಚಂದ್ರಿ ತೆರೆಯ ಮೇಲೆ ಬಂದಾಗ ಅವನ್ನು ಎಣಿಸುವ ಮನಸ್ಸಾಗದು.