ಶೇಂಗಾ ಉದ್ಯಮದಲ್ಲಿ ಮನಸ್ಸಿನ ಮಾತೂ ಲೆಕ್ಕದ ಮಾತೂ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಳೆಯ ವಿಷಯದಲ್ಲಿ ಭಾಗ್ಯಶಾಲಿಗಳಲ್ಲ. ವರ್ಷಕ್ಕೆ ಸರಾಸರಿ 500 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯನ್ನೇ ನಂಬಿ ಇಲ್ಲಿನ ರೈತರು ಶೇಂಗಾ ಬಿತ್ತುತ್ತ ಬಂದಿರುವರು. ಈ ಬೆಳೆಯ ಬಲದಿಂದಲೇ ಚಳ್ಳಕೆರೆಯಲ್ಲಿ ಎಣ್ಣೆಯ ಗಿರಣಿಗಳು ಹೆಚ್ಚಿ, ಆ ಪಟ್ಟಣಕ್ಕೆ ‘ಎಣ್ಣೆ ನಗರ’ವೆಂದೂ ‘ಎರಡನೇ ಬೊಂಬಾಯಿ’ಯೆಂದೂ ಹೆಸರು ಬಂದಿತು. ಅವುಗಳಲ್ಲಿ ಅನೇಕ ಗಿರಣಿಗಳು ಮುಂದೆ ಬಾಗಿಲು ಮುಚ್ಚಿದುವು. ಹೀಗಿರಲಾಗಿ, ಬೆಳೆದ ಕಾಯನ್ನು ಮಂಡಿಗೆ ಹಾಕುವುದರ ಬದಲು ತಾನೇ ಒಂದು ಮರದ ಗಾಣವನ್ನು ಹೂಡಿ ಎಣ್ಣೆ ತೆಗೆದು ಮಾರಿದರೆ ಹೇಗೆ ಎಂದು ರೈತನೊಬ್ಬನು ಯೋಚಿಸಿದರೆ, ಅವನು ಮನಸ್ಸು ಹೇಳಿದಂತೆ ನಡೆಯಬೇಕೆ, ಕಾಗದ ಹಿಡಿದು ಲೆಕ್ಕ ಹಾಕಬೇಕೆ? ಮನೆಯ ಒಡವೆಯನ್ನು ಒತ್ತೆಯಿಟ್ಟು ಯಂತ್ರ ಕೊಳ್ಳುವವನಿಗೆ ಈ ಪ್ರಶ್ನೆ ಸಣ್ಣದಲ್ಲ.

ಮನಸ್ಸಿನ ಮಾತನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ನುರಿತ ಖರೀದಿದಾರನು ಚೀಲದೊಳಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆಯುವನು. ಕಿವಿಯ ಬಳಿ ಅಲುಗಿಸುವನು. ನಾಲ್ಕು ಕಾಯಿ ಒಡೆದು ಸಿಪ್ಪೆಯ ಒಳಮೈ ಕಪ್ಪಿಟ್ಟಿದೆಯೇ ಎಂದು ನೋಡುವನು. ಬೀಜವನ್ನು ಕಚ್ಚಿ, ಅಂಗೈಯಲ್ಲಿ ಉಜ್ಜಿ, ಒಂದು ಬೆಲೆ ಹೇಳಿಬಿಡುವನು. ಕಾರಣ ಕೇಳಿದರೆ ಅವನಿಗೆ ವಿವರಿಸಲು ಬಾರದೆ ಇರಬಹುದು. ಆದರೆ ಬಲಿತ ಕಾಯಿಯ ಸಿಪ್ಪೆ ಒಳಗೆ ಕಪ್ಪಿಡುವುದೂ, ಒಣಗಿದ ಬೀಜ ಸಿಪ್ಪೆಯೊಳಗೆ ಸದ್ದು ಮಾಡುವುದೂ ವರ್ಷವರ್ಷವೂ ಬದಲಾಗತಕ್ಕ ಸಂಗತಿಗಳಲ್ಲ. ಅವನ ಊಹೆ ತಪ್ಪಿದರೆ ಗಿರಣಿಯಲ್ಲಿ ಇಳಿದ ಎಣ್ಣೆಯೇ ಬೇಗನೆ ತಿಳಿಸುವುದು. ಹೀಗೆ ಸಾವಿರ ಸಾರಿ ತಪ್ಪಿ, ಸಾವಿರ ಸಾರಿ ತಿದ್ದಿಕೊಂಡ ಲೆಕ್ಕವೇ ಅವನ ಬೆರಳುಗಳಲ್ಲಿ ಕುಳಿತಿರುವುದು.

1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸರು ಇದನ್ನೇ ಹೇಳಿರುವರು: ಒಳಮನಸ್ಸಿನ ತಿಳಿವು ದೈವದತ್ತವಾದುದಲ್ಲ, ಹಿಂದೆ ಕಂಡುದನ್ನು ಗುರುತಿಸುವ ಶಕ್ತಿ. ಇದನ್ನು ಎಲ್ಲಿ ನಂಬಬಹುದೆಂಬುದನ್ನು ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಎಂಬುವರು 2009ರಲ್ಲಿ ಜೊತೆಗೂಡಿ ವಿಚಾರ ಮಾಡಿದರು. ವಿಷಯದಲ್ಲಿ ಒಂದು ಕ್ರಮವಿರಬೇಕು, ತಪ್ಪು ಬೇಗನೆ ತಿಳಿಯುತ್ತಿರಬೇಕು. ಇವೆರಡೂ ಇಲ್ಲದೆಡೆ ಎಷ್ಟೇ ಅನುಭವವಿದ್ದರೂ ಮನಸ್ಸಿನ ಧೈರ್ಯ ಬರಿಯ ಧೈರ್ಯವೇ ಸರಿ ಎಂಬುದು ಅವರ ನಿರ್ಣಯ.

ಈ ಅಳತೆಗೋಲನ್ನು ಚಳ್ಳಕೆರೆಯ ಮೇಲಿಟ್ಟು ನೋಡಬಹುದು. 1994ರಲ್ಲಿ ತಾಳೆ ಎಣ್ಣೆಯ ಆಮದು ಖಾಸಗಿ ವರ್ತಕರಿಗೆ ತೆರೆಯಿತು. ಆಗ ಸೇಕಡಾ 65ರಷ್ಟಿದ್ದ ಸುಂಕವು 1998ರ ವೇಳೆಗೆ 15ಕ್ಕೆ ಇಳಿಯಿತು. ಮಲೇಷ್ಯ, ಇಂಡೊನೇಷ್ಯಗಳಿಂದ ಹಡಗಿನಲ್ಲಿ ಬಂದ ಅಗ್ಗದ ಎಣ್ಣೆಯೊಡನೆ ಶೇಂಗಾ ಎಣ್ಣೆ ಪೈಪೋಟಿ ಮಾಡಬೇಕಾಯಿತು. ಗಿರಣಿಗಳ ಕಷ್ಟಕ್ಕೆ ಇದೊಂದೇ ಕಾರಣವಲ್ಲ, ಮಳೆ ಕೈಕೊಟ್ಟ ವರ್ಷಗಳೂ ಸೇರಿದುವು. ಆದರೆ ಬೀಜವನ್ನು ಕಚ್ಚಿ ಎಣ್ಣೆಯ ಅಂಶ ಹೇಳಬಲ್ಲವನ ನಾಲಗೆಗೆ ದೂರದ ಬಂದರಿನ ದರ ತಿಳಿಯುವಂತಿರಲಿಲ್ಲ.

ಇನ್ನು ಗಾಣದ ಲೆಕ್ಕ. 100 ಕಿಲೋ ಕಾಯಿ ಸುಲಿದರೆ ಸುಮಾರು 70 ಕಿಲೋ ಬೀಜ ದೊರೆಯುವುದು. ಬೀಜದಲ್ಲಿ ಎಣ್ಣೆ ಸೇಕಡಾ 45ರಿಂದ 50ರವರೆಗೆ ಇದ್ದರೂ ಮರದ ಗಾಣ ಅಷ್ಟನ್ನೂ ಬಿಟ್ಟುಕೊಡದು. 27 ಕಿಲೋ ಬಂದರೆ ಒಳ್ಳೆಯದೆನ್ನಬೇಕು. ಹಿಂಡಿ ಸುಮಾರು 40 ಕಿಲೋ. ಉದಾಹರಣೆಗಾಗಿ ಕಾಯಿಯ ಬೆಲೆ ಕಿಲೋಗೆ 60 ರೂಪಾಯಿ, ಹಿಂಡಿಯ ಬೆಲೆ 40 ರೂಪಾಯಿ ಎಂದಿಟ್ಟುಕೊಳ್ಳೋಣ. ಕಾಯಿಗೆ 6,000 ರೂಪಾಯಿ. ಹಿಂಡಿಯಿಂದ ಬಂದ 1,600 ಕಳೆದರೆ 4,400. ಇದನ್ನು 27ರಿಂದ ಭಾಗಿಸಿದರೆ ಕಿಲೋ ಎಣ್ಣೆಗೆ 163 ರೂಪಾಯಿ ಬೀಳುವುದು. ಕೂಲಿ, ವಿದ್ಯುತ್ತು, ಡಬ್ಬಿ, ಸಾಲದ ಬಡ್ಡಿ ಇನ್ನೂ ಸೇರಿಲ್ಲ. ಗಾಣದ ಎಣ್ಣೆಗೆ ಜನ ಹೆಚ್ಚು ಕೊಡುವರೆಂಬ ನಂಬಿಕೆ ನಿಜವಿರಬಹುದು. ಆದರೆ ಎಷ್ಟು ಜನ, ಎಷ್ಟು ಹೆಚ್ಚು, ಎಷ್ಟು ತಿಂಗಳು?

ಕಣ್ಣನ್ನು ಪೂರ್ಣವಾಗಿ ನಂಬಲಾಗದ ಇನ್ನೊಂದು ಸಂಗತಿಯುಂಟು. ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವುದು. ದೊಡ್ಡ ಕಾರ್ಖಾನೆಯಲ್ಲಿ ಎಣ್ಣೆಯನ್ನು ಶುದ್ಧಿಗೊಳಿಸುವಾಗ ಅದು ಬಹುಮಟ್ಟಿಗೆ ಹೋಗುವುದು, ಗಾಣದ ಎಣ್ಣೆಯಲ್ಲಿ ಉಳಿಯಬಹುದು. ಬಣ್ಣಗೆಟ್ಟ ಬೀಜವನ್ನು ಕೈಯಿಂದ ಆರಿಸಿ ತೆಗೆದರೆ ಅಪಾಯ ಬಹಳ ಕಡಮೆಯಾಗುವುದಾದರೂ, ಪ್ರಯೋಗಾಲಯದ ಪರೀಕ್ಷೆಗೆ ಅದು ಬದಲಲ್ಲ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಸ್ಥಿತಿ ಬೇರೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ರಕ್ಷಣೆ ದೊರೆತ ಈ ಸೀರೆಯ ಅಂಚಿಗೆ ಯಾವ ಬಣ್ಣ ಒಪ್ಪುವುದೆಂದು ನೇಕಾರನ ಕಣ್ಣು ತಾನೇ ಹೇಳುವುದು. ಸೀರೆ ವರ್ತಕನ ಕೈ ಸೇರಿದ ಮೇಲೆ ಉಟ್ಟವಳು ಏನೆಂದಳೆಂಬುದು ಮಾತ್ರ ಮಗ್ಗದವರೆಗೆ ಬರುವುದು ಅಪರೂಪ. ಚಳ್ಳಕೆರೆಯ ಕಂಬಳಿ ನೇಯುವವನು ಸಂತೆಯಲ್ಲಿ ತಾನೇ ಮಾರುವಲ್ಲಿ, ಕೊಳ್ಳುವವನು ಕಂಬಳಿಯನ್ನು ಮಡಿಸಿ ಹಿಂದಕ್ಕಿಟ್ಟುದನ್ನು ಕಣ್ಣಾರೆ ನೋಡುವನು. ನಮ್ಮ ಅಭಿಪ್ರಾಯದಲ್ಲಿ ನೇಕಾರನು ವರ್ಷಕ್ಕೆ ಕೆಲವು ಸೀರೆಗಳನ್ನಾದರೂ ತಾನೇ ಮಾರುವುದು ಲಾಭಕ್ಕಿಂತಲೂ ಈ ಕಲಿಕೆಗಾಗಿ ಅವಶ್ಯಕ.

ಸೈಮನ್ನರ ಶಿಷ್ಯೆಯಾದ ಸರಸ್ ಸರಸ್ವತಿಯವರು ನುರಿತ 27 ಉದ್ಯಮಿಗಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ವಿಚಾರವೂ ನಮ್ಮ ರೈತರಿಗೆ ಉಪಯುಕ್ತವಾದುದು. ಎಷ್ಟು ಲಾಭ ಬರುವುದೆಂದು ಊಹಿಸುವುದಕ್ಕೆ ಮೊದಲು, ಎಷ್ಟು ಹೋದರೆ ತಡೆದುಕೊಳ್ಳಬಲ್ಲೆನೆಂದು ಅವರು ನೋಡುವರಂತೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಯಂತ್ರಕ್ಕೆ ಸೇಕಡಾ 35ರಷ್ಟು, ಮಿತಿ 10 ಲಕ್ಷ ರೂಪಾಯಿ, ಸಹಾಯಧನವನ್ನು ನಿಗದಿಗೊಳಿಸಲಾಯಿತು. ಉಳಿದ 65 ಸಾಲವೋ ಸ್ವಂತದ್ದೋ ಆಗಿರುವುದನ್ನು ಮರೆತು ಯಂತ್ರ ಕೊಳ್ಳುವುದು ಜಾಣತನವಲ್ಲ.

ಆದುದರಿಂದ ಗಾಣ ಹೂಡಬೇಕೆನ್ನುವ ರೈತನು ಮೊದಲು ಮೂರು ಕ್ವಿಂಟಲ್ ಕಾಯನ್ನು ಬೇರೊಬ್ಬರ ಗಾಣದಲ್ಲಿ ಕೂಲಿ ಕೊಟ್ಟು ಆಡಿಸಲಿ. ಗಾಣಕ್ಕೆ ಹೋಗುವ ಹಿಂದಿನ ರಾತ್ರಿ ಒಂದು ಪುಸ್ತಕದಲ್ಲಿ ಮೂರು ಅಂಕಿ ಬರೆದಿಡಲಿ: ಎಷ್ಟು ಎಣ್ಣೆ ಇಳಿಯುವುದು, ಯಾವ ದರಕ್ಕೆ ಹೋಗುವುದು, ಎಷ್ಟು ದಿನದಲ್ಲಿ ತೀರುವುದು. ಎಣ್ಣೆ ಮಾರಿ ಮುಗಿದ ದಿನ ಅದೇ ಪುಟದಲ್ಲಿ ನಿಜವಾದ ಅಂಕಿಗಳನ್ನು ಎದುರಿಗೆ ಬರೆಯಲಿ. ಮೊದಲನೆಯ ಅಂಕಿ ಬಹುಶಃ ಸರಿಯಾಗಿಯೇ ಇರುವುದು. ಉಳಿದ ಎರಡನ್ನು ನೋಡಿದ ಮೇಲೆ ಯಂತ್ರದ ಬೆಲೆ ವಿಚಾರಿಸಲು ಹೊರಡಬಹುದು.