ಗೋಡೆಯ ಮೇಲಿನ ಮಹಾರಾಜರು

ಹಳೇ ಮೈಸೂರಿನ ಕಡೆಯ ಹಳೆಯ ಮನೆಗಳಿಗೆ ಹೋದಾಗ ನಡುಮನೆಯ ಗೋಡೆಯನ್ನೊಮ್ಮೆ ನೋಡಿ. ದೇವರ ಪಟಗಳ ಸಾಲಿನ ಪಕ್ಕದಲ್ಲೇ ಪೇಟ ಧರಿಸಿದ ಮಹಾರಾಜರ ಫೋಟೋ ಕಣ್ಣಿಗೆ ಬೀಳುತ್ತೆ. ಕೆಲವರ ಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಇನ್ನು ಕೆಲವರ ಮನೆಯಲ್ಲಿ ಜಯಚಾಮರಾಜ ಒಡೆಯರು. ಹೆಚ್ಚಿನವು ಅಂಗಡಿಯಲ್ಲಿ ಕೊಂಡ ಅಚ್ಚಿನ ಪಟಗಳು. ಎಲ್ಲೋ ಅಪರೂಪಕ್ಕೆ ಒಂದು ಮನೆಯಲ್ಲಿ ಮಹಾರಾಜರೇ ಶಾಯಿಯಲ್ಲಿ ಸಹಿ ಹಾಕಿದ ಫೋಟೋ ಇರುತ್ತೆ. ಅಂಥದೊಂದು ನಮ್ಮ ಮನೆಯಲ್ಲೂ ಇತ್ತು. ಅದನ್ನು ಹಾಳು ಮಾಡಿದವಳು ನಾನೇ! ಆ ಕಥೆ ಆಮೇಲೆ ಹೇಳುತ್ತೇನೆ.

ಶಾಲಿನ ಬದಲು ಫೋಟೋ

ಹಿಂದೆ ಅರಸರು ಮೆಚ್ಚಿದವರಿಗೆ ಶಾಲು, ಉಂಗುರ, ಕಡಗ ಕೊಡುತ್ತಿದ್ದರು. ಫೋಟೋ ತೆಗೆಯುವುದು ಬಂದ ಮೇಲೆ ಅದೂ ಒಂದು ಉಡುಗೊರೆಯಾಯಿತು. 1860ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ತಮ್ಮ ಕುಟುಂಬದ ಫೋಟೋಗಳನ್ನು ಮಾರಾಟ ಮಾಡಲು ಮೇಯಾಲ್ ಎಂಬ ಛಾಯಾಗ್ರಾಹಕರಿಗೆ ಒಪ್ಪಿಗೆ ಕೊಟ್ಟರು. ವಿಸಿಟಿಂಗ್ ಕಾರ್ಡಿನಷ್ಟೇ ಪುಟ್ಟ ಫೋಟೋಗಳು. ಜನ ಮುಗಿಬಿದ್ದು ಕೊಂಡು ಆಲ್ಬಮ್ಮಿಗೆ ಅಂಟಿಸಿಕೊಂಡರು. ರಾಜಮನೆತನದ ಫೋಟೋ ಕೂಡಿಡುವ ಹುಚ್ಚು ಹರಡಿದ್ದು ಹೀಗೆ. ಅರಮನೆಗೆ ಬಂದ ಅತಿಥಿಗಳಿಗೆ, ನಂಬಿಕೆಯ ಅಧಿಕಾರಿಗಳಿಗೆ ಸಹಿ ಹಾಕಿದ ದೊಡ್ಡ ಫೋಟೋ ಕೊಡುವ ಪದ್ಧತಿ ನಮ್ಮ ದೇಶದ ಸಂಸ್ಥಾನಗಳಿಗೂ ಬಂತು.

ನಮ್ಮ ಮೈಸೂರಿನಲ್ಲಿ ಇಂಥ ನೆನಪಿನ ವಸ್ತುಗಳಿಗೆ ಕೊರತೆಯಿಲ್ಲ. 1922ರಲ್ಲಿ ವೇಲ್ಸ್ ರಾಜಕುಮಾರ ಮೈಸೂರಿಗೆ ಬಂದಿದ್ದರು. 1927ರಲ್ಲಿ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬ ನಡೆಯಿತು. ದರ್ಬಾರಿನ ಆಹ್ವಾನ ಪತ್ರಿಕೆ, ಗಂಡಭೇರುಂಡದ ಮುದ್ರೆಯ ಕಾಗದ, ಬಿರುದಿನ ಪದಕ, ಇವನ್ನೆಲ್ಲ ಹುಡುಕಿ ಕೂಡಿಡುವವರಿದ್ದಾರೆ. ಬಿ.ಎಂ.ಶ್ರೀ ಅವರ ಹೆಸರಿನ ಹಿಂದೆ ‘ರಾಜಸೇವಾಸಕ್ತ’ ಅಂತ ಓದಿದ್ದೀರಲ್ಲ, ಅದು ಮಹಾರಾಜರು ಕೊಟ್ಟ ಬಿರುದೇ.

1971ರಲ್ಲಿ ಸಂವಿಧಾನದ ತಿದ್ದುಪಡಿಯಾಗಿ ರಾಜಧನ ನಿಂತಿತು. 1974ರಲ್ಲಿ ಜಯಚಾಮರಾಜ ಒಡೆಯರು ತೀರಿಕೊಂಡರು. ಕಾಲ ಬದಲಾದಂತೆ ಗೋಡೆಯ ಮೇಲಿದ್ದ ಎಷ್ಟೋ ಫೋಟೋಗಳು ಅಟ್ಟ ಸೇರಿದವು, ಮನೆ ಕೆಡವಿದಾಗ ಗುಜರಿ ಅಂಗಡಿ ಸೇರಿದವು. ಈಗ ಅಲ್ಲಿಂದಲೇ ಸಂಗ್ರಾಹಕರು ಕೊಂಡು ತರುತ್ತಾರೆ.

ಹಳೆ ಫೋಟೋದಿಂದ ಏನು ಪ್ರಯೋಜನ ಅಂತೀರಾ? ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ ದೊಡ್ಡ ಚಿತ್ರಗಳಿವೆ. ಆನೆ, ಕುದುರೆ, ಜನ ಎಲ್ಲಾ ಕಣ್ಣಿಗೆ ಕಟ್ಟಿದಂತಿವೆ. ಕಲಾವಿದರು ಅವನ್ನು ಬರೆದದ್ದು ಆಗಿನ ಕಾಲದ ಫೋಟೋಗಳನ್ನು ಇಟ್ಟುಕೊಂಡೇ.

ನನ್ನ ಕೈಯಿಂದ ಆದದ್ದು

ನಮ್ಮ ಯಜಮಾನರ ತಾತ ಅರಮನೆಯ ಕಛೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಮುತ್ತು ಪೋಣಿಸಿದಂಥ ಅಕ್ಷರವಂತೆ. ಅವರಿಗೆ ಜಯಚಾಮರಾಜ ಒಡೆಯರ ಸಹಿಯಿದ್ದ ಫೋಟೋ ಬಂದಿತ್ತು. ಮಹಾರಾಜರೇ ಕರೆದು ಕೈಗೆ ಕೊಟ್ಟರು ಅಂತ ನಮ್ಮ ಮನೆಯವರೆಲ್ಲ ಹೇಳುತ್ತಿದ್ದರು. ನವರಾತ್ರಿಯಲ್ಲಿ ಪಟ್ಟದ ಗೊಂಬೆಯ ಹಿಂದೆ ಅದಕ್ಕೂ ಒಂದು ಜಾಗ, ಒಂದು ಹಾರ.

ನಾನು ಮದುವೆಯಾಗಿ ಬಂದ ಮೊದಲ ನವರಾತ್ರಿ. ಹೊಸ ಸೊಸೆಯ ಉತ್ಸಾಹ ಕೇಳಬೇಕೆ? ಗೊಂಬೆ ಒರೆಸಿದ ಒದ್ದೆ ಬಟ್ಟೆಯಲ್ಲೇ ಫೋಟೋದ ಗಾಜನ್ನೂ ತಿಕ್ಕಿ ತಿಕ್ಕಿ ಒರೆಸಿದೆ. ಗಾಜಿನ ಕೆಳಗಡೆ ಸಣ್ಣ ಬಿರುಕಿದ್ದದ್ದು ಕಾಣಲಿಲ್ಲ. ನೀರು ಒಳಗಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಸಹಿ ಇದ್ದ ಕಡೆ ನೀಲಿ ಮೋಡದಂಥ ಕಲೆ. ಕೊನೆಯ ಒಂದು ಗೀಟು ಮಾತ್ರ ಉಳಿದಿತ್ತು.

ನನ್ನ ಕೈಕಾಲೆಲ್ಲ ತಣ್ಣಗಾದವು. ಅತ್ತೆಯವರು ನೋಡಿದರು, ಏನೂ ಅನ್ನಲಿಲ್ಲ. ಸುಮ್ಮನೆ ಫೋಟೋ ತೆಗೆದು ಒಳಗಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ವಿಜಯದಶಮಿ ಕಳೆದು ಗೊಂಬೆ ಎತ್ತಿಡುವಾಗ ಅವರಾಗಿಯೇ ಮಾತು ತೆಗೆದರು. “ನೋಡಮ್ಮಾ, ಇದನ್ನ ಮಹಾರಾಜರು ಕೈಗೆ ಕೊಟ್ಟಿದ್ದೂ ಅಲ್ಲ, ಏನೂ ಅಲ್ಲ. ಕಛೇರಿಯ ಜವಾನ ಕವರಿನಲ್ಲಿ ತಂದುಕೊಟ್ಟನಂತೆ. ಆದರೂ ನಮ್ಮ ಮಾವನವರು ಅದಕ್ಕೆ ನಮಸ್ಕಾರ ಮಾಡಿಯೇ ಕಾಫಿ ಕುಡೀತಿದ್ದರು. ಮಗಳ ಮದುವೆಗೆ ದುಡ್ಡು ಸಾಲದೆ ಬಂದಾಗ ಊರಿನ ಸಾಹುಕಾರರೊಬ್ಬರು ಈ ಫೋಟೋ ಕೇಳಿದರು, ಒಳ್ಳೆ ಬೆಲೆಯನ್ನೇ ಹೇಳಿದರು. ಮಾವನವರು ಕೊಡಲಿಲ್ಲ. ನಮ್ಮತ್ತೆಯ ಬಳೆ ಮಾರಿದರು. ಅತ್ತೆ ಬದುಕಿರೋ ತನಕ ಈ ಫೋಟೋಗೆ ಒಂದು ದಿನವೂ ಹೂ ಇಡಲಿಲ್ಲ.”

ಅಲ್ಲಿಯವರೆಗೆ ನಾನು ಮಹಾರಾಜರ ಸಹಿ ಹೋಯಿತಲ್ಲಾ ಅಂತ ಅಳುತ್ತಿದ್ದೆ. ಅದರ ಹಿಂದೆ ಒಬ್ಬ ಹೆಂಗಸಿನ ಬಳೆಯೂ ಇತ್ತು ಅಂತ ಯಾರೂ ಹೇಳಿರಲಿಲ್ಲ. ಆ ಅಜ್ಜಿಯದು ಎಂದು ನಮ್ಮ ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ.

ಅಸಲಿ ಸಹಿಯೋ, ಅಚ್ಚೋ?

ನಿಮ್ಮ ಮನೆಯಲ್ಲೂ ಸಹಿ ಇರುವ ಫೋಟೋ ಇದ್ದರೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೈಯಿಂದ ಹಾಕಿದ ಸಹಿಯಲ್ಲಿ ಶಾಯಿ ಫೋಟೋದ ಮೇಲೆ ಬೇರೆಯಾಗಿ ಕೂತಿರುತ್ತೆ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಭೂತಗನ್ನಡಿಯಲ್ಲಿ ನೋಡಿದಾಗ ಸಹಿಯೂ ಚಿತ್ರವೂ ಒಂದೇ ಥರ ಚುಕ್ಕಿಚುಕ್ಕಿಯಾಗಿ ಕಂಡರೆ ಅದು ಅಚ್ಚು. ಪರೀಕ್ಷೆ ಮಾಡಲು ಬೆರಳು ಒದ್ದೆ ಮಾಡಿ ಮುಟ್ಟಲೇಬೇಡಿ!

ಜೋಪಾನ ಮಾಡುವುದು ಹೇಗೆ?

1. ಗಾಜು ಒರೆಸುವಾಗ ಒಣಗಿದ ಮೆತ್ತನೆಯ ಬಟ್ಟೆ ಸಾಕು. ಹಾರ, ಕುಂಕುಮ, ಊದುಬತ್ತಿ ದೂರವಿರಲಿ.

2. ಬಿಸಿಲು ಬೀಳುವ ಗೋಡೆ, ಬಚ್ಚಲಿನ ಪಕ್ಕದ ಗೋಡೆ ಬೇಡ. ಬಿಸಿಲಿಗೆ ಶಾಯಿ ಮಾಸುತ್ತೆ, ತೇವಕ್ಕೆ ಬೂಷ್ಟು ಹಿಡಿಯುತ್ತೆ.

3. ಫೋಟೋ ಗಾಜಿಗೆ ತಾಗಬಾರದು. ಚೌಕಟ್ಟು ಹಾಕುವವರಿಗೆ ನಡುವೆ ಮೌಂಟ್ ಹಾಕಲು ಹೇಳಿ. ಈಗಾಗಲೇ ಅಂಟಿಕೊಂಡಿದ್ದರೆ ಎಳೆಯಬೇಡಿ, ತಿಳಿದವರಿಗೆ ತೋರಿಸಿ.

4. ಹರಿದಿದ್ದರೆ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ.

5. ಒಳ್ಳೆಯ ಪ್ರತಿ ತೆಗೆಸಿ ಅದನ್ನು ಗೋಡೆಗೆ ಹಾಕಿ. ಅಸಲನ್ನು ‘ಆಸಿಡ್-ಫ್ರೀ’ ಕಾಗದದಲ್ಲಿ ಸುತ್ತಿ ಒಣಗಿದ ಕಪಾಟಿನಲ್ಲಿಡಿ.

6. ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಮುಂಚೆ ವಿಚಾರಿಸಿ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಚಾರಿತ್ರಿಕ ಮಹತ್ವದ ಕೈಬರಹ, ದಾಖಲೆಗಳಿಗೆ 75 ವರ್ಷವಾಗಿದ್ದರೂ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ವಸ್ತು ಯಾರಿಗೆ, ಯಾವಾಗ, ಯಾಕೆ ಬಂತು ಅಂತ ಬರೆದಿಡಿ. ಕಥೆ ಗೊತ್ತಿಲ್ಲದ ಫೋಟೋ ಮೊಮ್ಮಕ್ಕಳ ಕಾಲಕ್ಕೆ ಮತ್ತೆ ಗುಜರಿಗೇ ಹೋಗುತ್ತೆ. ಅಚ್ಚುಕಟ್ಟಾದ ಕಥೆಯನ್ನೇ ಬರೆಯಬೇಕು ಅಂತಿಲ್ಲ, ನಿಜವಾದದ್ದು ಬರೆಯಿರಿ.

ನಾನೂ ಒಂದು ಹಾಳೆಯಲ್ಲಿ ಬರೆದು, ಫೋಟೋದ ಜೊತೆ ಕವರಿನಲ್ಲಿ ಇಟ್ಟಿದ್ದೇನೆ. ತಾತನ ಕೆಲಸ, ಜವಾನ ತಂದ ಕವರು, ಅಜ್ಜಿಯ ಬಳೆ, ನನ್ನ ಒದ್ದೆ ಬಟ್ಟೆ, ಎಲ್ಲಾ. ಅತ್ತೆಯವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಬಳೆ ನಾಲ್ಕು ಅಂತಲೂ ಸೇರಿಸು” ಅಂದರು. ಸೇರಿಸಿದೆ.

ಈ ನವರಾತ್ರಿಗೆ ಅಟ್ಟದಿಂದ ಗೊಂಬೆ ಇಳಿಸುವಾಗ ನೀವೂ ಹಳೆಯ ಟ್ರಂಕು ತೆಗೆದು ನೋಡಿ. ಅಮ್ಮನನ್ನೋ ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಕೈ ಮಾತ್ರ ಒಣಗಿರಲಿ!