ಕಿಲ್ಲಾರಿಯ ಗೋಡೆಗಳು ನಮ್ಮೂರಲ್ಲೂ ಇವೆ

ಪುಣೆಯಿಂದ ಸೊಲ್ಲಾಪುರ ದಾಟಿ ಬಸವಕಲ್ಯಾಣ, ಹುಮನಾಬಾದ್ ಕಡೆ ಹೊರಡುವ ನಮ್ಮವರಿಗೆಲ್ಲ ಉಮರ್ಗಾ ಪರಿಚಿತ ಊರು. ಅಲ್ಲಿಂದ ಲಾತೂರಿನ ದಾರಿ ಹಿಡಿದರೆ ಕಿಲ್ಲಾರಿ ಸಿಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಮಲಗಿದ್ದ ಜನರ ಮೇಲೆ ಅಲ್ಲಿ ಮನೆಗಳೇ ಬಿದ್ದವು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರ ಸಂಖ್ಯೆ 10,000ದ ಹತ್ತಿರ ಹೋಯಿತು.

ಕಂಪನದ ತೀವ್ರತೆ 6.2. ಅಷ್ಟಕ್ಕೇ ಇಷ್ಟು ಸಾವೇ ಎಂದು ಕೇಳಿದವರಿಗೆ ಉತ್ತರ ಗೋಡೆಯಲ್ಲಿತ್ತು. ಎರಡು, ಎರಡೂವರೆ ಅಡಿ ದಪ್ಪದ ಕಲ್ಲುಗೋಡೆ, ನಡುವೆ ಮಣ್ಣಿನ ಗಾರೆ. ಒಳಗೊಂದು ಸಾಲು, ಹೊರಗೊಂದು ಸಾಲು. ಮಧ್ಯೆ ಚೂರುಗಲ್ಲು, ಮಣ್ಣು. ಎರಡೂ ಸಾಲುಗಳನ್ನು ಹಿಡಿದಿಡುವ ಉದ್ದನೆಯ ಕಲ್ಲು ಇರಲಿಲ್ಲ. ಮೇಲೆ ಅಡಿಗಟ್ಟಲೆ ಮಣ್ಣು ಹೊತ್ತ ಮಾಳಿಗೆ. ನೆಲ ಅಲುಗಿದಾಗ ಎರಡು ಸಾಲುಗಳು ಬೇರೆಯಾಗಿ ಒಂದು ಒಳಕ್ಕೆ, ಒಂದು ಹೊರಕ್ಕೆ ಕುಸಿದವು. ಎಷ್ಟೋ ಮನೆಗಳಲ್ಲಿ ಕಂಬ, ತೊಲೆ, ಜಂತಿ ನಿಂತೇ ಇದ್ದವು. ಗೋಡೆ ಮಾತ್ರ ಇರಲಿಲ್ಲ.

ಸಿವಿಲ್ ಡಿಪ್ಲೊಮಾ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸವೇ ಅಲ್ಲಿನ ಮನೆ ದುರಸ್ತಿಯ ಉಸ್ತುವಾರಿ. ವಿಶ್ವಬ್ಯಾಂಕ್ ಸಾಲದ ನೆರವಿನಿಂದ ಮಹಾರಾಷ್ಟ್ರ ಸರ್ಕಾರ ನಡೆಸಿದ ಆ ಪುನರ್ವಸತಿಯಲ್ಲಿ ಎರಡು ದಾರಿಗಳಿದ್ದವು. ಪೂರ್ತಿ ನೆಲಸಮವಾದ 52 ಊರುಗಳನ್ನು ಬೇರೆ ಜಾಗಕ್ಕೆ ಸಾಗಿಸಿ, ಗುತ್ತಿಗೆದಾರರು ಮತ್ತು ದಾನಿ ಸಂಸ್ಥೆಗಳ ಮೂಲಕ ಹೊಸ ಮನೆ ಕಟ್ಟಿಕೊಡುವುದು ಒಂದು. ಬಿರುಕುಬಿಟ್ಟ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕಂತಿನಲ್ಲಿ ಹಣ ಕೊಟ್ಟು, ಮನೆಯವರೇ ಗಟ್ಟಿ ಮಾಡಿಕೊಳ್ಳುವಂತೆ ನೋಡಿಕೊಳ್ಳುವುದು ಇನ್ನೊಂದು.

ಹೊಸ ಊರುಗಳಿಗೆ ಹೋದರೆ ನೇರ ರಸ್ತೆ, ಸಾಲು ಮನೆ, ಅಳತೆ ತಪ್ಪದ ನಿವೇಶನ. ಆದರೆ ಎತ್ತು ಎಲ್ಲಿ ಕಟ್ಟುವುದು, ಜೋಳದ ಚೀಲ ಎಲ್ಲಿಡುವುದು ಎಂದು ನಕ್ಷೆ ಬರೆದವರು ಯೋಚಿಸಿದಂತೆ ಕಾಣಲಿಲ್ಲ. ಗಡಿ ಭಾಗವಾದ್ದರಿಂದ ಕನ್ನಡ ಬಲ್ಲವರು ಅಲ್ಲಿ ಬೇಕಾದಷ್ಟು. ಒಬ್ಬ ಅಜ್ಜಿ ನನ್ನನ್ನು ಕೂರಿಸಿಕೊಂಡು, "ತಮ್ಮಾ, ಮನಿ ಚಂದ ಅದ. ಆದ್ರ ಬಾಗಿಲಾಗ ಕುಂತ್ರ ಮಾತಾಡಾಕ ಯಾರೂ ಇಲ್ಲ. ನಮ್ಮ ಓಣಿಯವರು ಎಲ್ಲೆಲ್ಲೋ ಹೋಗ್ಯಾರ" ಅಂದರು. ಓಣಿಯೂ ಪುನರ್ವಸತಿಯ ಭಾಗ ಎಂದು ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ದುರಸ್ತಿಯ ಊರುಗಳ ಕಥೆ ಬೇರೆ. ಅಲ್ಲಿ ಮನೆಯೊಡತಿಯೇ ನಿಂತು ಕೆಲಸ ಮಾಡಿಸುತ್ತಿದ್ದಳು. ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ತೂತು ಮಾಡಿ, ಸರಳು ಇಟ್ಟು ಕಾಂಕ್ರೀಟ್ ತುಂಬುವುದು. ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಇಡೀ ಮನೆಗೆ ನಡುಪಟ್ಟಿಯಂತೆ ಕಬ್ಬಿಣ ಸುತ್ತಿ ಗಾರೆ ಮೆತ್ತುವುದು. ಮಾಳಿಗೆಯ ಮಣ್ಣಿನ ಭಾರ ಇಳಿಸುವುದು. ಮೊದಮೊದಲು ಜನ ನಂಬಲಿಲ್ಲ. ಗೋಡೆಗೆ ತೂತು ಹಾಕಿದರೆ ಗಟ್ಟಿ ಹೇಗಾಗುತ್ತದೆ ಎಂದು ನಕ್ಕರು.

ನಂಬಿಕೆ ಹುಟ್ಟಿಸಿದವರು ಎಂಜಿನಿಯರುಗಳಲ್ಲ. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ನೆರವಿನಿಂದ ಊರೂರಿನ ಮಹಿಳಾ ಮಂಡಳಗಳ ಹೆಣ್ಣುಮಕ್ಕಳನ್ನು 'ಸಂವಾದ ಸಹಾಯಕ'ರೆಂದು ನೇಮಿಸಲಾಗಿತ್ತು. ಹಣ ಯಾವಾಗ ಬರುತ್ತದೆ, ಸಿಮೆಂಟಿಗೆ ಮರಳು ಎಷ್ಟು, ಎಷ್ಟು ದಿನ ನೀರು ಹೊಡೆಯಬೇಕು ಎಂದು ಮನೆಮನೆಗೆ ಹೋಗಿ ಹೇಳಿದವರು ಅವರು. ಗೌಂಡಿ ಸರಳು ಉಳಿಸಲು ನೋಡಿದರೆ ಹಿಡಿದು ನಿಲ್ಲಿಸುತ್ತಿದ್ದವರೂ ಅವರೇ.

2001ರ ಜನವರಿ 26ರಂದು ಕಚ್ಛ್ ನಡುಗಿದಾಗ ಲಾತೂರಿನ ಈ ಹೆಣ್ಣುಮಕ್ಕಳು ಗುಜರಾತಿಗೂ ಹೋದರು. ತಾವು ಕಲಿತದ್ದನ್ನು ಅಲ್ಲಿನ ಹೆಂಗಸರಿಗೆ ಹೇಳಿದರು. ಗುಜರಾತ್ ಸರ್ಕಾರ ಬಹುಪಾಲು ಮನೆಗಳನ್ನು ಮಾಲೀಕರ ಕೈಯಿಂದಲೇ ಕಟ್ಟಿಸಿತು. ಎಂಜಿನಿಯರ್ ಬಂದು ಕೆಲಸ ಸರಿಯಿದೆ ಎಂದ ಮೇಲೆ ಮುಂದಿನ ಕಂತು. ಹಣ, ತಿಳಿವಳಿಕೆ, ತಪಾಸಣೆ ಈ ಮೂರನ್ನು ಹೊರಗಿನವರು ಕೊಡಬೇಕು. ಮನೆ ಹೇಗಿರಬೇಕು ಎಂಬ ತೀರ್ಮಾನ ಮನೆಯವರದ್ದಾಗಿರಬೇಕು. ಇಪ್ಪತ್ತೈದು ವರ್ಷ ಈ ವೃತ್ತಿಯಲ್ಲಿ ಕಳೆದ ಮೇಲೂ ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ಸಿಕ್ಕಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಪುಣೆ, ಹೈದರಾಬಾದುಗಳಲ್ಲಿ ದುಡಿಯುವ ನಾವು ಊರಿಗೆ ಹಣ ಕಳಿಸುತ್ತೇವೆ. ಅಪ್ಪ ಅವ್ವನಿಗೆ ಮಳೆಗಾಲದಲ್ಲಿ ಸೋರದ ಮನೆ ಬೇಕು. ಹಳೆಯ ಮಾಳಿಗೆ ಕಿತ್ತು, ಅದೇ ಮಣ್ಣಿನ ಗಾರೆಯ ಗೋಡೆಯ ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕಿಸುತ್ತೇವೆ. ಈಚೆಗೆ ಪರಿಚಿತರೊಬ್ಬರು ಇಂಥದ್ದೇ ಮನೆಯ ಫೋಟೊ ಕಳಿಸಿ, "ಗೋಡೆ ಎರಡಡಿ ಅದ ಸರ್, ಭಾರಿ ಗಟ್ಟಿ" ಅಂದರು. ಕಿಲ್ಲಾರಿಯ ಗೋಡೆಗಳೂ ಎರಡಡಿ ಇದ್ದವು.

ನಮ್ಮ ಕಡೆ ಭೂಕಂಪ ಎಲ್ಲಿ ಎನ್ನಬೇಡಿ. 1993ರ ತನಕ ಕಿಲ್ಲಾರಿ ಭೂಕಂಪ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ಆ ಒಂದನೇ ವಲಯವನ್ನೇ ತೆಗೆದುಹಾಕಲಾಯಿತು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮೇಲಿಂದ ಮೇಲೆ ಬಂದ ಕಂಪನಕ್ಕೆ ಹೆದರಿ ಮನೆಯ ಹೊರಗೆ ಮಲಗಿದ್ದನ್ನು ನೆನಪಿಸಿಕೊಳ್ಳಿ.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಗೋಡೆ ನೋಡಿ. ಹೊಟ್ಟೆ ಉಬ್ಬಿದೆಯೇ, ಮೂಲೆಯಲ್ಲಿ ಬಿರುಕಿದೆಯೇ ಪರೀಕ್ಷಿಸಿ. ಸ್ಲ್ಯಾಬ್ ಬೇಕೆಂದರೆ ಅದಕ್ಕೆ ಬೇರೆ ಪಾಯ, ಬೇರೆ ಕಂಬ ಹಾಕಿಸಿ. ಅಷ್ಟು ಹಣ ಇಲ್ಲವಾದರೆ ಮಾಳಿಗೆಯ ಮಣ್ಣು ಕಡಿಮೆ ಮಾಡಿಸಿ, ಗೋಡೆಗೆ ಪಟ್ಟಿ ಕಟ್ಟಿಸಿ. ತಾಲ್ಲೂಕಿನ ಎಂಜಿನಿಯರ್ ಒಬ್ಬರನ್ನು ಕರೆಸಿ ಗೌಂಡಿಯ ಜತೆ ಅರ್ಧ ದಿನ ನಿಲ್ಲಿಸಿ. ಮುಖ್ಯವಾಗಿ, ಪಟ್ಟಿ ಏಕೆ ಬೇಕೆಂದು ಅವ್ವನಿಗೆ ತಿಳಿಸಿ ಹೇಳಿ. ನಾವು ಪುಣೆಗೆ ಮರಳಿದ ಮೇಲೆ ಸರಳು ಎಣಿಸುವವಳು ಅವಳೇ.